ಎಂಟಕ್ಷರದಾಚೆ ಉಳಿದ ‘ಅಮ್ಮ’

ನಮ್ಮ ಶರಣ್ಯಳಿಗೆ ಇಲ್ಲೇ ಹೈದರಾಬಾದಿನ ಮಾದಾಪುರದಲ್ಲಿ ಕೆಲಸ ಸಿಕ್ಕಿದೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಒಂದೂ ಕೈಗೆ ಬರುವುದಿಲ್ಲ. ನನ್ನ ಮಗಳ ಮಗಳು. ನನ್ನ ಸೆರಗು ಹಿಡಿದು ಬೆಳೆದವಳು. ಸುದ್ದಿ ಬಂದಾಗಿನಿಂದ ತರಕಾರಿಯವನಿಗೆ ತೆಲುಗಿನಲ್ಲಿ ಹೇಳಿದೆ, ಹಾಲಿನವನಿಗೆ ಹಿಂದಿಯಲ್ಲಿ ಹೇಳಿದೆ, ದೇವರಿಗೆ ಕನ್ನಡದಲ್ಲಿ ಹೇಳಿದೆ. ಮೂವರೂ ನಕ್ಕರು.

ಕೆಲಸ ಎಂಥದು ಎಂದು ಕೇಳಿದಾಗ ಅವಳೆಂದಳು: “ಅಜ್ಜೀ, ಒಂದು ಕಂಪನಿ ಮೇಲ್ ಎಲ್ಲಾ ಹಳೇ ಸರ್ವರ್‌ದಿಂದ ಹೊಸಾದಕ್ಕ ಒಯ್ಯೋದು. ಮಂದಿ ಖಾತೆ, ಅವರ ಪತ್ರ, ಎಲ್ಲಾ. ನಿನಗ ತಿಳಿಯಂಗಿಲ್ಲ ಬಿಡು.”

ನಾನು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದೆ. “ಅದನ್ನ ನಾ ಮಾಡೀನವ್ವಾ,” ಎಂದೆ.

“ಏನು?”

“ಅದನ್ನೇ. ನೀ ಹುಟ್ಟೋಕಿಂತ ಮದಲ. ಅಬಿಡ್ಸ್‌ನ ಆಫೀಸಿನ್ಯಾಗ.”

ಅವಳಿಗೆ ನಾನು ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದದ್ದು ಮಾತ್ರ ಗೊತ್ತು. ಅದಕ್ಕಿಂತ ಮುಂಚಿನದನ್ನು ನಾನು ಮನೆಯಲ್ಲಿ ಆಡಿರಲಿಲ್ಲ. ಅವಳು ನನ್ನ ಮುಂದೆ ಕಾಲು ಮಡಚಿ ಕುಳಿತು, “ಎಲ್ಲಾ ಬರದು ಕೊಡು. ನನ್ನ ಜೋಡಿ ಸೇರೋ ಹುಡುಗರಿಗೂ ಓದಿ ಹೇಳ್ತೀನಿ” ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಏಳನೇ ಇಯತ್ತೆ, ಆಳಂದ ಕಡೆಯ ಕನ್ನಡ ಶಾಲೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ ಮಕ್ಕಳೇ.

ನಾನು ಕೆಲಸಕ್ಕೆ ಸೇರಿದ್ದು ಕಸ ಹೊಡೆಯಲು. ಅದು ಔಷಧದ ಪೆಟ್ಟಿಗೆಗಳನ್ನು ಊರೂರಿಗೆ ಸಾಗಿಸುವ ಕಂಪನಿ. ಕಂಪ್ಯೂಟರ್ ಕೋಣೆ ಎಂದು ಒಂದಿತ್ತು. ಧೂಳು ಬಿದ್ದರೆ ಯಂತ್ರ ಕೆಡುತ್ತದೆ ಎಂದು ಅಲ್ಲಿಗೇ ಬೇರೆ ಕಸಗುಡಿಸುವವಳು ಬೇಕಾಗಿದ್ದಳು. ಚಪ್ಪಲಿ ಹೊರಗೆ ಬಿಡಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಬೇಕು. ಬೇಸಿಗೆಯಲ್ಲಿ ಇಡೀ ಕಚೇರಿ ಬೆವರುತ್ತಿದ್ದರೆ ಆ ಕೋಣೆ ಮಾತ್ರ ಬಾವಿಯ ತಳದಂತೆ ತಂಪು. ಗುಡಿಯಂಥ ಜಾಗ ಎಂದು ನಾನು ಮೊದಲ ದಿನವೇ ಅಂದುಕೊಂಡೆ.

ಕೋಣೆಯ ಯಜಮಾನರು ನರಸಿಂಗರಾವ್ ಸಾರು. ವರಂಗಲ್ ಕಡೆಯವರು, ಬಾಯಿ ತುಂಬ ಪಾನು, ಯಾರ ಮೇಲೂ ಕೂಗಿದವರಲ್ಲ. ಅವರೇ ನನಗೆ ಟೇಪು ಬದಲಿಸುವುದನ್ನು ತೋರಿಸಿದರು. ದಿನದ ಲೆಕ್ಕವೆಲ್ಲ ಆ ಟೇಪಿಗೆ ಇಳಿಯಬೇಕು. ಯಂತ್ರ ಕೆಟ್ಟರೆ ಅದೇ ಗತಿ. ಆಮೇಲೆ ಇಂಗ್ಲಿಷ್ ಅಕ್ಷರ ಕಲಿಸಿದರು. ಅಂಗಡಿ ಬೋರ್ಡು ಓದುತ್ತ ಓದುತ್ತ ನಾನು ಕಲಿತೆ. ಒಂದು ಬಟ್ಟೆಯಂಗಡಿಯ ದೊಡ್ಡ ಬೋರ್ಡಿನಲ್ಲಿ ಒಂದು ಅಕ್ಷರ ಉದುರಿತ್ತು, ಬಹಳ ದಿನ ನಾನು ಆ ಪದವನ್ನು ಹಾಗೆಯೇ ಬರೆಯುತ್ತಿದ್ದೆ.

ಸಾರು ಕಲಿಸಿದ್ದರಲ್ಲಿ ಒಂದು ಪದ್ಧತಿಯಿತ್ತು. ಹೊಸಬರಿಗೆ ಖಾತೆ ತೆರೆದರೆ, ಅಂದರೆ ಯಂತ್ರದೊಳಗೆ ಅವರಿಗೊಂದು ಹೆಸರು, ಬೀಗದ ಕೈಯಂತೆ ಒಂದು ಪಾಸ್‌ವರ್ಡು, ಒಂದು ಅಂಚೆಪೆಟ್ಟಿಗೆ ಕೊಟ್ಟರೆ, ಅವರಿಗೊಂದು ಮೇಲ್ ಹಾಕಬೇಕು. ಹಾಕಿ ಸುಮ್ಮನೆ ಕೂರುವಂತಿಲ್ಲ. ಎದ್ದು ಅವರ ಮೇಜಿನ ತನಕ ನಡೆದು ಹೋಗಿ, ಮುಖ ನೋಡಿ ಕೇಳಬೇಕು, “ಅಂದಿಂದಾ?” ತೆಲುಗಿನಲ್ಲಿ ಹಾಗೆಂದರೆ ಮುಟ್ಟಿತಾ ಎಂದು. ಅವರು “ಅಂದಿಂದಿ”, ಅಂದರೆ ಮುಟ್ಟಿತು, ಎಂದ ಮೇಲೆಯೇ ಕೆಲಸ ಮುಗಿದಂತೆ.

“ಸಾರು, ಯಂತ್ರಾನೇ ಹೇಳ್ತದಲ್ರೀ, ಮುಟ್ಟೇದ ಅಂತ,” ಎಂದು ನಾನು ಒಮ್ಮೆ ಕೇಳಿದೆ. ಮೂರನೇ ಮಹಡಿಗೆ ಹತ್ತಿ ಇಳಿದು ಸಾಕಾಗಿತ್ತು.

“ಯಂತ್ರ ಪೆಟ್ಟಿಗೇಲಿ ಹಾಕ್ದೆ ಅಂತ ಹೇಳುತ್ತಮ್ಮಾ,” ಎಂದರು ಅವರು, ತಮ್ಮ ಅರೆತೆಲುಗು ಕನ್ನಡದಲ್ಲಿ. “ಯಾರ ಪೆಟ್ಟಿಗೆ ಅಂತ ಅದಕ್ಕೇನು ತೆಲುಸು?”

ಆ ಕಾಲದ ಯಂತ್ರಕ್ಕೆ ಇನ್ನೊಂದು ಚಾಳಿಯಿತ್ತು. ಹೆಸರು ಎಂಟು ಇಂಗ್ಲಿಷ್ ಅಕ್ಷರಕ್ಕಿಂತ ಉದ್ದ ಇರಬಾರದು. ಬಾಲ ಇದ್ದರೆ ಕತ್ತರಿಸು. ಹೀಗಾಗಿ ಮಲ್ಲಿಕಾರ್ಜುನ ‘ಮಲ್ಲಿಕರ್’ ಆದ, ರಾಮಚಂದ್ರ ‘ರಾಮಚನ್’ ಆದ. ಹೈದರಾಬಾದಿನಲ್ಲಿ ಮಹಮ್ಮದ್ ಎಂಬವರು ಎಷ್ಟು ಜನ, ವೆಂಕಟೇಶ್ವರ ಎಂಬವರು ಎಷ್ಟು ಜನ! ಅವರೆಲ್ಲರಿಗೂ ಎರಡನೇ ಹೆಸರು ಹುಡುಕಿ ಕೊಡುತ್ತಿದ್ದೆವು. ಕಚೇರಿಯಲ್ಲಿ ಜನ ಒಬ್ಬರನ್ನೊಬ್ಬರು ಕತ್ತರಿಸಿದ ಹೆಸರಿನಿಂದಲೇ ಕರೆದು ನಗುತ್ತಿದ್ದರು.

ನನ್ನ ಹೆಸರು ಶರಣಬಸಮ್ಮ. ನಮ್ಮ ಕಡೆ ಗುಡಿಯ ಶರಣಬಸಪ್ಪನ ಹರಕೆ ಹೊತ್ತ ಮನೆಯಲ್ಲಿ ಗಂಡು ಹುಟ್ಟಿದರೆ ಶರಣಬಸಪ್ಪ, ಹೆಣ್ಣು ಹುಟ್ಟಿದರೆ ಶರಣಬಸಮ್ಮ. ಒಂದೇ ಹೆಸರು, ಬಾಲದಲ್ಲಿ ಅಪ್ಪನೋ ಅಮ್ಮನೋ ಕೂತಿರುತ್ತಾರೆ, ಅಷ್ಟೆ. ನಮ್ಮ ಕಂಪನಿಯಲ್ಲಿ ಸಾಮಾನು ಕಳಿಸುವ ವಿಭಾಗದಲ್ಲಿ ಒಬ್ಬ ಶರಣಬಸಪ್ಪ ಇದ್ದ. ಜೇವರ್ಗಿಯವನು, ದೊಡ್ಡ ಗಂಟಲು, ದೊಡ್ಡ ನಗು. ನನ್ನನ್ನು ತಂಗಿ ಎನ್ನುತ್ತಿದ್ದ, ನಾನು ಅಣ್ಣಾರ ಎನ್ನುತ್ತಿದ್ದೆ. ಅವನು ನನಗಿಂತ ಮುಂಚೆ ಬಂದವನು, ಯಂತ್ರದಲ್ಲಿ ‘ಶರಣಬ್’ ಅವನೇ ಆಗಿದ್ದ. ನನಗೆ ಖಾತೆ ಕೊಡುವ ದಿನ ಯಂತ್ರ ಒಪ್ಪಲಿಲ್ಲ, ಈ ಹೆಸರಿನವರು ಆಗಲೇ ಇದ್ದಾರೆ ಎಂದಿತು. ಯಾಕೆಂದರೆ ಎಂಟಕ್ಷರಕ್ಕೆ ಕತ್ತರಿಸಿದರೆ ಅಪ್ಪನೂ ಹೋಗುತ್ತಾನೆ, ಅಮ್ಮನೂ ಹೋಗುತ್ತಾಳೆ. ಸಾರು ನಕ್ಕು ನನಗೆ ‘ಬಸಮ್ಮ’ ಎಂದು ಕೊಟ್ಟರು.

“ನೋಡ್ರೀ ತಂಗಿ,” ಎಂದು ಶರಣಬಸಪ್ಪ ಕಚೇರಿಗೆಲ್ಲ ಕೇಳುವಂತೆ ಹೇಳಿದ, “ಶರಣ ನಾನು ಇಟ್ಕೊಂಡೆ, ಬಸಮ್ಮ ನಿಮಗ ಬಿಟ್ಟೆ. ಜಗಳ ಇಲ್ಲ!”

ಹಳೆಯ ದಿನಗಳ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಆಯುಧಪೂಜೆ. ಕಚೇರಿಯ ದೊಡ್ಡವರೊಬ್ಬರು ಸರ್ವರ್‌ಗೆ ಪೂಜೆ ಆಗಲೇಬೇಕೆಂದರು. ಕುಂಕುಮ ಆಯಿತು, ಹಾರ ಆಯಿತು. ಸಾರು ಬೇಡ ಬೇಡ ಎನ್ನುತ್ತಿದ್ದಂತೆಯೇ ಆ ಮಹಾರಾಯರು ಕೋಣೆಯೊಳಗೇ ತೆಂಗಿನಕಾಯಿ ಒಡೆದರು. ಕಾಯಿಯ ನೀರು ಹಾರಿ ವಿದ್ಯುತ್ತಿನ ಪೆಟ್ಟಿಗೆಯೊಳಗೆ ಹೋಯಿತು. ಢಬ್ ಎಂದು ಕತ್ತಲು. ಕತ್ತಲಲ್ಲಿ ಸಾರು ಅವರ ದನಿ: “ಪ್ರಸಾದಂ ತಗೊಂಡ್ತಮ್ಮಾ ಯಂತ್ರ. ತೃಪ್ತಿ ಆಯ್ತು.” ಎರಡು ದಿನ ಯಾರಿಗೂ ಮೇಲ್ ಇರಲಿಲ್ಲ. ಜನ ಮೊದಲಿನಂತೆ ಮೆಟ್ಟಿಲಿಳಿದು ಬಂದು ಮಾತಾಡಿದರು. ಅಂಥ ತಪ್ಪುಗಳಿಂದ ಯಾರ ಹೊಟ್ಟೆಗೂ ಪೆಟ್ಟು ಬೀಳಲಿಲ್ಲ. ಈಗ ಹೇಳುವುದು ಅಂಥದಲ್ಲ.

ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ಊರ ಕಡೆಯ ಜನ ಅಲ್ಲಿ ಕಲ್ಲು, ಸಿಮೆಂಟು ಹೊರುತ್ತಿದ್ದರು. ಸಂಜೆ ಬಸ್ಸಿನಲ್ಲಿ ಅವರ ಮಾತು ಕೇಳಿದರೆ ಊರಿಗೆ ಹೋದಂತಾಗುತ್ತಿತ್ತು. ಅಂಥದೇ ಒಂದು ಕಟ್ಟಡಕ್ಕೆ ನಮ್ಮ ಕಂಪನಿಯೂ ಹೋಗುತ್ತದೆ, ಅಬಿಡ್ಸ್ ಕಚೇರಿ ಮುಚ್ಚುತ್ತದೆ ಎಂಬ ಸುದ್ದಿ ಹುಟ್ಟಿತು. ಎಲ್ಲರನ್ನೂ ಒಯ್ಯುವುದಿಲ್ಲ, ಆರಿಸಿ ಒಯ್ಯುತ್ತಾರೆ. ನನ್ನ ಗಂಡ ತೀರಿಹೋಗಿ ಆಗಲೇ ಕೆಲವು ವರ್ಷ ಆಗಿತ್ತು. ಮಗಳ ಮದುವೆ ಗೊತ್ತಾಗಿತ್ತು. ಆ ಕೆಲಸ ಉಳಿಯಲೇಬೇಕಾಗಿತ್ತು ನನಗೆ.

ನರಸಿಂಗರಾವ್ ಸಾರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಮೈಸೂರಿನಿಂದ ಕಿರಣ್ ಎಂಬ ಮ್ಯಾನೇಜರ್ ಬಂದರು. ಕನ್ನಡದವರು ಬಂದರಲ್ಲ ಎಂದು ನಾನು ಕುಣಿದಿದ್ದೆ. ಕೆಟ್ಟವರಲ್ಲ. ಆದರೆ ಅವಸರ. ಎಲ್ಲದಕ್ಕೂ ಅವರ ಬಾಯಲ್ಲಿ ಒಂದು ಮಾತಿತ್ತು: “ಸದ್ಯಕ್ಕೆ ಹೀಗಿರಲಿ.” ತಂತಿ ನೆಲದ ಮೇಲೆ ಬಿದ್ದಿದೆ ಎಂದರೆ ಸದ್ಯಕ್ಕೆ ಇರಲಿ. ಪಾಸ್‌ವರ್ಡು ಬರೆದು ಗೋಡೆಗೆ ಅಂಟಿಸಿದ್ದಾರೆ ಎಂದರೆ ಸದ್ಯಕ್ಕೆ ಇರಲಿ.

ಹೊಸ ಕಟ್ಟಡಕ್ಕೆ ಹೋಗುವ ಮುಂಚೆ ಯಂತ್ರದ ಮೂಲ ವ್ಯವಸ್ಥೆಯನ್ನೇ ಬದಲಿಸಬೇಕು, ಹೊಸ ಸರ್ವರ್‌ಗೆ ಎಲ್ಲರ ಖಾತೆ, ಎಲ್ಲರ ಮೇಲ್ ಸಾಗಿಸಬೇಕು ಎಂದಾಯಿತು. ಹೊಸದರಲ್ಲಿ ಎಂಟಕ್ಷರದ ಕಟ್ಟು ಇಲ್ಲ, ಪೂರಾ ಹೆಸರು ಹಿಡಿಯುತ್ತದೆ. ಕೇಳಿ ನನಗೆ ಎಷ್ಟು ಸಂತೋಷ! ಎಲ್ಲರಿಗೂ ಅವರವರ ಬಾಲ ವಾಪಸು ಬರುತ್ತದೆ.

ಸಾಗಿಸುವುದು ಹೇಗೆ? ಕಿರಣ್ ಸರ್ ಯಂತ್ರವೇ ಮಾಡಿಕೊಳ್ಳುವಂತೆ ಕಟ್ಟಳೆ ಬರೆದರು. ನೌಕರನ ಪೂರಾ ಹೆಸರು ತೆಗೆದುಕೋ, ಮೊದಲ ಎಂಟಕ್ಷರ ನೋಡು, ಆ ಹೆಸರಿನ ಹಳೆಯ ಪೆಟ್ಟಿಗೆಯನ್ನು ಎತ್ತಿ ಇವನ ಹೊಸ ಪೆಟ್ಟಿಗೆಗೆ ಸುರಿ. ಮಹಮ್ಮದರನ್ನೂ ವೆಂಕಟೇಶ್ವರರನ್ನೂ ಬೇರೆ ತೆಗೆದು ಕೈಯಿಂದ ಮಾಡಿದರು, ಅಷ್ಟು ಜಾಗ್ರತೆ ಇತ್ತು. ಭಾನುವಾರ ಬೆಳಿಗ್ಗೆ ಶುರುಮಾಡಿ ಊಟದ ಹೊತ್ತಿಗೆ ಮುಗಿಸಿದರು. ನಾನು ಟೇಪು ಹಾಕಿದೆ, ತೆಗೆದೆ, ಚಹಾ ತಂದೆ.

“ಸರ್, ಒಬ್ಬೊಬ್ಬರಿಗೂ ಮೇಲ್ ಹಾಕಿ ನಾಳೆ ಕೇಳ್ಕೊಂಡ್ ಬರ್ತೀನ್ರೀ, ಮುಟ್ಟೇದೇನು ಅಂತ,” ಎಂದೆ.

ಅವರು ನಕ್ಕರು. “ಏನಮ್ಮಾ, ಪೋಸ್ಟ್‌ಮ್ಯಾನ್ ಕೆಲಸ ಮಾಡ್ತೀರಾ? ಮೆಷಿನ್ ರಿಪೋರ್ಟ್ ಕೊಟ್ಟಿದೆ, ಎಲ್ಲಾ ಸರಿ ಅಂತ. ಹೋಗಿ, ಮನೆಗೆ ಹೋಗಿ.”

ಸೋಮವಾರ ಶರಣಬಸಪ್ಪನ ಗಂಟಲು ಕೆಳಗಿನ ಮಹಡಿಯಿಂದಲೇ ಕೇಳಿಸಿತು. ಅವನ ಪೆಟ್ಟಿಗೆ ಖಾಲಿ! ಲಾರಿಗಳ ಮಾಹಿತಿ, ಗಿರಾಕಿಗಳ ಪತ್ರ, ಏನೂ ಇಲ್ಲ. ನಾನು ನನ್ನದನ್ನು ತೆರೆದೆ. ಅವನ ಲಾರಿಗಳೆಲ್ಲ ನನ್ನ ಅಂಗಳದಲ್ಲಿ ನಿಂತಿದ್ದವು. ಯಂತ್ರ ಅಕ್ಷರದ ಸಾಲಿನಂತೆ ಹೋಗುವಾಗ ಅಪ್ಪನಿಗಿಂತ ಮೊದಲು ಅಮ್ಮ ಸಿಕ್ಕಿದ್ದಳು. ಎಂಟಕ್ಷರ ನೋಡಿತು, ‘ಶರಣಬ್’ ಪೆಟ್ಟಿಗೆ ಇದೆ, ಎತ್ತಿ ನನಗೆ ಸುರಿಯಿತು. ನನ್ನ ‘ಬಸಮ್ಮ’ ಯಾರ ಹೆಸರಿಗೂ ಹೊಂದದೆ ಹಳೆಯ ಯಂತ್ರದಲ್ಲೇ ಅನಾಥವಾಗಿ ಉಳಿಯಿತು.

ಕಿರಣ್ ಸರ್ ಹಣೆ ಚಚ್ಚಿಕೊಂಡರು. “ಇದು ಎರಡು ಹೆಸರಾ? ನಾನು ಟೈಪಿಂಗ್ ಮಿಸ್ಟೇಕ್ ಅಂದ್ಕೊಂಡಿದ್ದೆ. ನಮ್ಮ ಕಡೆ ಇಂಥ ಹೆಸರು ಇಲ್ವಲ್ಲ ಮಾರಾಯ್ರೇ.”

“ನಿಮ್ಮ ಕಡಿ ಅಪ್ಪ ಅಮ್ಮ ಇಲ್ಲೇನ್ರೀ ಸರ್?” ಎಂದ ಶರಣಬಸಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಗಿರಾಕಿಗಳ ಪತ್ರ ಒಂದೂ ತಪ್ಪಬಾರದು ಎಂದು ಕಿರಣ್ ಸರ್ ನನ್ನ ಪೆಟ್ಟಿಗೆಯಲ್ಲಿದ್ದದ್ದೆಲ್ಲ ಅವನಿಗೆ ಸುರಿದರು. ನನ್ನ ಹೆಸರಿಗೆ ಇನ್ನು ಮುಂದೆ ಏನೇ ಬಂದರೂ ನೆಟ್ಟಗೆ ಅವನಿಗೇ ಹೋಗುವಂತೆ ಒಂದು ಸಾಲು ಬರೆದರು. “ಸದ್ಯಕ್ಕೆ ಹೀಗಿರಲಿ. ಎರಡು ದಿನ ಬಿಟ್ಟು ತೆಗೀತೀನಿ,” ಎಂದರು.

ಆ ಸದ್ಯ ಮುಗಿಯಲಿಲ್ಲ.

ನನಗೆ ಮೇಲ್ ಬರುವುದು ನಿಂತುಹೋಯಿತು. ಒಂದೆರಡು ಸಲ ಕೇಳಿದೆ, “ಸರ್, ನನಗ ಏನೂ ಬರವಲ್ದು.”

“ನಿಮಗ್ಯಾರಮ್ಮ ಮೇಲ್ ಕಳಿಸ್ತಾರೆ?” ಎಂದರು ಅವರು, ಪರದೆಯಿಂದ ಮುಖ ತಿರುಗಿಸದೆ. ಹೌದಲ್ಲ ಎನಿಸಿತು ನನಗೂ. ಟೇಪು ಬದಲಿಸುವವಳಿಗೆ ಯಾರು ಪತ್ರ ಬರೆಯುತ್ತಾರೆ?

ಆಮೇಲೆ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು. ಮಾದಾಪುರಕ್ಕೆ ಯಾರನ್ನು ಆರಿಸಿದ್ದಾರೋ ಅವರಿಗೆ ಮೇಲ್ ಬರುತ್ತದೆ. ವಾರದೊಳಗೆ ಒಪ್ಪಿಗೆ ಎಂದು ಉತ್ತರ ಕೊಡಬೇಕು. ಕೊಡದವರಿಗೆ ಇಷ್ಟವಿಲ್ಲ ಎಂದು ತಿಳಿಯಲಾಗುತ್ತದೆ. ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಹೋಗುವುದು, ಪೆಟ್ಟಿಗೆ ತೆರೆಯುವುದು, ಖಾಲಿ. ಮತ್ತೊಬ್ಬರ ಮುಖದಲ್ಲಿ ನಗು ಕಂಡರೆ, ಇವರಿಗೆ ಬಂದಿದೆ ಎಂದು ತಿಳಿಯುತ್ತಿತ್ತು. ನನ್ನನ್ನು ಬೇಡವೆಂದಿದ್ದಾರೆ ಎಂದುಕೊಂಡೆ. ಬೇಡವೆಂದವರ ಬಾಗಿಲಿಗೆ ಹೋಗಿ ಯಾಕೆ ಎಂದು ಕೇಳುವುದು ನಮ್ಮ ಮನೆತನದಲ್ಲಿ ಇರಲಿಲ್ಲ.

ವಾರ ಕಳೆದ ಮೇಲೆ ಶರಣಬಸಪ್ಪ ಮಿಠಾಯಿ ಹಂಚುತ್ತ ಬಂದ. ನನ್ನ ಕೈಗೆ ಒಂದು ಪೇಡೆ ಇಟ್ಟ.

“ತಂಗಿ, ನಿಮ್ಮ ಅಣ್ಣ ಮಾದಾಪುರಕ್ಕ ಹೊಂಟ! ಅಷ್ಟ ಅಲ್ಲ, ಕೇಳ್ರಿ. ಕಂಪನಿಗೆ ನಾ ಎಷ್ಟ ಬೇಕಾಗೀನಿ ಅಂದ್ರ, ಒಂದೇ ಮೇಲ್ ಎರಡೆರಡ ಸಲ ಬಂತು. ಹೊಸ ಸರ್ವರ್‌ಗೆ ಹುಚ್ಚ ಹಿಡಿದದ ಅಂತ ಒಂದು ಅಳಿಸಿ ಒಗದೆ.”

ಪೇಡೆ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

“ಎರಡು ಸಲ ಯಾಕ ಬರ್ತದ ಅಣ್ಣಾರ?” ಎಂದೆ.

ಅವನ ನಗು ನಿಧಾನವಾಗಿ ಇಳಿಯಿತು. ಪಾಪ, ಅವನಿಗೂ ಅದೇ ಕ್ಷಣ ಹೊಳೆಯಿತು. ಆ ಮೇಲ್‌ನಲ್ಲಿ ಯಾರ ಹೆಸರೂ ಇರಲಿಲ್ಲ. ‘ಪ್ರಿಯ ಸಹೋದ್ಯೋಗಿ’ ಎಂದಷ್ಟೇ ಇತ್ತು. ಎಲ್ಲರಿಗೂ ಒಂದೇ ಒಕ್ಕಣೆ. ಇಬ್ಬರೂ ಕಿರಣ್ ಸರ್ ಬಳಿ ಹೋದೆವು. ಅವರು ಪರದೆ ನೋಡಿದರು, ನಾಲಿಗೆ ಕಚ್ಚಿಕೊಂಡರು.

“ಅಯ್ಯೋ, ಇದು ಸದ್ಯಕ್ಕೆ ಅಂತ ಹಾಕಿದ್ದು ಕಣಮ್ಮಾ. ತೆಗೀಬೇಕು ಅಂತಿದ್ದೆ.” ಆ ಒಂದು ಸಾಲನ್ನು ನನ್ನ ಕಣ್ಣೆದುರಿಗೇ ಅಳಿಸಿದರು. “ಈಗ ಸರಿ ಹೋಯ್ತು ನೋಡಿ.”

ನನಗೆ ಆ ಮಾತು ಇಂದಿಗೂ ಕಿವಿಯಲ್ಲಿದೆ. ಈಗ ಸರಿ ಹೋಯ್ತು.

“ಸರ್, ಹಂಗಂತ ಆಫೀಸಿಗೆ ಹೇಳ್ರಿ. ನಿಮ್ಮ ಒಂದು ಮಾತು ಸಾಕು,” ಎಂದೆ.

ಅವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. “ಅಪ್‌ಗ್ರೇಡ್ ಒಂದೂ ತೊಂದರೆ ಇಲ್ದೆ ಮುಗೀತು ಅಂತ ಬರೆದು ಕಳಿಸಿಬಿಟ್ಟಿದೀನಮ್ಮ. ಈಗ ಹೇಗೆ ಹೇಳೋದು? ನೀವೇ ಹೋಗಿ ಮೇಡಂಗೆ ಹೇಳಿ, ಅರ್ಥ ಮಾಡ್ಕೋತಾರೆ.”

ನೌಕರರ ವ್ಯವಹಾರ ನೋಡುವ ಮೇಡಂ ತೆಲುಗಿನವರು. ಸಾವಧಾನವಾಗಿ ಕೇಳಿದರು. ನೀರು ಕುಡಿಯಲು ಕೊಟ್ಟರು. ನನ್ನ ಮೇಲ್ ಹೋಗಿದೆ, ಮುಟ್ಟಿದೆ ಎಂದು ಯಂತ್ರದ ದಾಖಲೆ ಇದೆ ಎಂದರು.

“ಮುಟ್ಟಿದ್ದು ನನಗಲ್ಲ ಮೇಡಂ,” ಎಂದೆ. ತೆಲುಗಿನಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ತಡೆಯಲಾರದೆ ಕನ್ನಡದಲ್ಲೂ ಹೇಳಿದೆ.

ಶರಣಬಸಪ್ಪ ಮುಂದೆ ಬಂದ. “ಹೌದ್ ಮೇಡಂ, ನನಗ ಎರಡು ಬಂದಾವ. ಒಂದು ಈ ತಂಗಿದು.”

ಮೇಡಂ ಅವನನ್ನು ನೋಡಿದರು. “ಹಾಗಾದರೆ ಎರಡೂ ಈ ಅಮ್ಮನದೇ ಇರಬಹುದಲ್ಲ? ನಿಮ್ಮನ್ನು ಆರಿಸಿಯೇ ಇಲ್ಲದಿರಬಹುದಲ್ಲ? ಸರಿ, ಇಬ್ಬರ ಹೆಸರನ್ನೂ ಮತ್ತೆ ಮೇಲಕ್ಕೆ ಕಳಿಸುತ್ತೇನೆ. ಅಲ್ಲಿ ನೋಡಿ ಯಾರು ಎಂದು ಹೇಳಲಿ.”

ಶರಣಬಸಪ್ಪನ ದೊಡ್ಡ ಗಂಟಲು ಎಲ್ಲಿ ಹೋಯಿತೋ. “ನಾ ಬರ್ತೀನ್ರೀ ಮೇಡಂ,” ಎಂದ, “ಕೆಳಗ ಲಾರಿ ನಿಂತದ.” ನನ್ನ ಮುಖ ನೋಡದೆ ಹೋದ.

ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವನ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು. ಆದರೆ ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಕಿರಣ್ ಸರ್ ಅವರನ್ನೂ ಕ್ಷಮಿಸಿಲ್ಲ. ಹೆಚ್ಚು ಉರಿಯುವುದು ಯಾವುದು ಗೊತ್ತೇ? ಯಾರಿಗೂ ನನ್ನ ಮೇಲೆ ದ್ವೇಷ ಇರಲಿಲ್ಲ. ದ್ವೇಷವಿದ್ದರೆ ಹೊಡೆದಾಡಬಹುದಿತ್ತು. ‘ಸದ್ಯಕ್ಕೆ’ ಎಂಬ ಮಾತಿನ ಜೊತೆ ಹೇಗೆ ಹೊಡೆದಾಡುವುದು?

ಸಾಕ್ಷಿ ಎದ್ದುಹೋದ ಮೇಲೆ ನನ್ನ ಮಾತು ನಡೆಯಲಿಲ್ಲ, ನನ್ನ ಜಾಗಕ್ಕೂ ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ಎಲ್ಲರ ಪೆಟ್ಟಿಗೆ ಹೊಸ ಯಂತ್ರಕ್ಕೆ ಸಾಗಿಸಲು ಟೇಪು ಹಾಕಿದವಳು ನಾನು, ಹಳೆಯ ಯಂತ್ರದ ಜೊತೆ ಹಿಂದೆ ಉಳಿದವಳೂ ನಾನೇ. ಕೊನೆಯ ದಿನ ಕೋಣೆ ಗುಡಿಸಿ, ಯಂತ್ರ ಆರಿಸಿ ಬಂದೆ. ಅದರೊಳಗೆ ‘ಬಸಮ್ಮ’ ಇದ್ದಳು, ಅವಳನ್ನು ಗುಜರಿಗೆ ಹಾಕಿದರು.

ನರಸಿಂಗರಾವ್ ಸಾರೇ ನಾರಾಯಣಗೂಡದ ಕೋಚಿಂಗ್ ಸೆಂಟರಿಗೆ ಸೇರಿಸಿದರು. ಅಲ್ಲಿ ಹುಡುಗರ ಹೆಸರು ಯಂತ್ರಕ್ಕೆ ಏರಿಸುತ್ತಿದ್ದೆ. ಖಾತೆ ತೆರೆದು, ಬೆಂಚಿನ ಬಳಿ ಹೋಗಿ, “ಅಂದಿಂದಾ?” ಎಂದು ಕೇಳುತ್ತಿದ್ದೆ. ಹುಡುಗರು ನನಗೆ ಅಂದಿಂದಾ ಆಂಟಿ ಎಂದು ಅಡ್ಡಹೆಸರಿಟ್ಟರು. ಇಡಲಿ. ನನ್ನ ಕೈಯಲ್ಲಿ ಒಬ್ಬ ಹುಡುಗನದೂ ತಪ್ಪಲಿಲ್ಲ. ಟೇಪು ಹೋಯಿತು, ಸೀಡಿ ಬಂತು, ಅದೂ ಹೋಯಿತು. ಈಗ ಸರ್ವರ್ ಎಲ್ಲಿದೆ ಎಂದು ಕೇಳಿದರೆ ಶರಣ್ಯ ಕಿಟಕಿಯಾಚೆ ಆಕಾಶ ತೋರಿಸುತ್ತಾಳೆ. ಎಲ್ಲಾದರೂ ಇರಲಿ, ಅಲ್ಲೂ ಯಾರಾದರೂ ‘ಸದ್ಯಕ್ಕೆ’ ಎನ್ನುತ್ತಿರುತ್ತಾರೆ. ಅವರನ್ನು ಎಬ್ಬಿಸಿ, ಮಕ್ಕಳೇ. ಅವರ ಸದ್ಯದಲ್ಲಿ ಯಾರದೋ ಅನ್ನ ಸಿಕ್ಕಿಕೊಂಡಿರುತ್ತದೆ.

ಒಂದು ಗುಟ್ಟು. ಮೊಮ್ಮಗಳು ಹುಟ್ಟಿದಾಗ ಹರಕೆಯ ಹೆಸರೇ ಇಡಬೇಕೆಂದರು ಬೀಗರು. ನಾನು ಹಟ ಹಿಡಿದು ಶರಣ್ಯ ಎಂದು ಇಡಿಸಿದೆ. ಹೊಸ ಕಾಲದ ಹೆಸರು ಇಷ್ಟಪಡುವ ಅಜ್ಜಿ ಎಂದು ಎಲ್ಲರೂ ಮೆಚ್ಚಿದರು. ಇಂಗ್ಲಿಷಿನಲ್ಲಿ ಬರೆದು ಎಣಿಸಿ ನೋಡಿ. ಎಂಟೇ ಅಕ್ಷರ. ಯಾವ ಯಂತ್ರವೂ ಅವಳ ಬಾಲ ಕತ್ತರಿಸಬಾರದು ಎಂದು ತೊಟ್ಟಿಲ ಮುಂದೆ ಬೆರಳು ಮಡಚಿ ಎಣಿಸಿ ಇಟ್ಟ ಹೆಸರು ಅದು.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಶರಣ್ಯ ಓದಿದಳು. ಓದಿ ಎದ್ದು ಹೋದಳು. ಇವತ್ತು ಅವಳ ಕೆಲಸದ ಮೊದಲ ದಿನ. ಸಂಜೆ ಬಂದವಳು ಚೀಲವನ್ನೂ ಇಳಿಸದೆ ನನ್ನ ಮುಂದೆ ನಿಂತಳು.

“ಅಜ್ಜೀ, ನಿನ್ನ ಎಂಟಕ್ಷರ ಕೆಲಸಕ್ಕ ಬರಲಿಲ್ಲ. ಅಲ್ಲಿ ಆಗಲೇ ಇಬ್ಬರು ಶರಣ್ಯ ಅದಾರ. ಮೂರು ಅಂತ ಅಂಕಿ ಹಚ್ತೀವಿ ಅಂದ್ರು. ನಾ ಒಲ್ಲೆ ಅಂದೆ. ಹಂಗಾದ್ರ ಒಂದು ಚುಕ್ಕಿ ಇಟ್ಟು ಮುಂದ ಇನ್ನೊಂದು ಹೆಸರು ಹಾಕ್ಕೋ ಅಂದ್ರು.”

“ಏನ್ ಹಾಕ್ಕೊಂಡಿ?”

ಅವಳು ತನ್ನ ಫೋನಿನಲ್ಲಿ ಏನೋ ಒತ್ತಿದಳು. ನನ್ನ ಮಡಿಲಲ್ಲಿದ್ದ ಫೋನು ಟಿಣ್ ಎಂದಿತು. ಕನ್ನಡಕ ಸರಿಮಾಡಿ ನೋಡಿದೆ. ಮೇಲ್ ಬಂದಿತ್ತು, ಒಳಗೆ ಒಂದಕ್ಷರವೂ ಇರಲಿಲ್ಲ. ಕಳಿಸಿದವರ ಹೆಸರಿತ್ತು. ಅವಳ ಹೆಸರು, ಒಂದು ಚುಕ್ಕಿ, ಆಮೇಲೆ ನನ್ನ ಹೆಸರು. ಶರಣಬ್ ದಾಟಿ, ಎಂಟು ದಾಟಿ, ಕೊನೆಯ ‘ಅಮ್ಮ’ನ ತನಕ, ಪೂರಾ. ಮಾದಾಪುರದಿಂದ.

ಅವಳು ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದಳು. ಪರದೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿ ಕೇಳಿದಳು:

“ಅಂದಿಂದಾ?”

ಬಾಯಿ ತೆರೆದೆ. ಇಷ್ಟು ವರ್ಷ ಬೇರೆಯವರಿಂದ ಕೇಳಿಸಿಕೊಂಡ ಆ ಮಾತು ಇಂದು ನನ್ನ ಬಾಯಿಗೆ ಬಂತು.

“ಅಂದಿಂದಿ,” ಎಂದೆ.